ಪರ್ಸಿ ಖಣಿ ಸಿಮೆಂಟ್ ಫ್ಯಾಕ್ಟರಿಯವ್ರು ತಂದಿದ್ದಾ?

ಪ್ರಶ್ನೆ: ಸರ್, ನಮ್ಮ ಕಡೆ ಸಿಮೆಂಟ್ ಫ್ಯಾಕ್ಟರಿ ಬಂದ ಮ್ಯಾಲೇ ಪರ್ಸಿ, ಅಂದ್ರ ನೆಲಕ್ಕ ಹಾಸೋ ಶಹಾಬಾದ್ ಸುಣ್ಣಕಲ್ಲು, ತೆಗಿಯೋದು ಶುರು ಆಯ್ತಂತ, ಖರೇನಾ?

ಇಲ್ರಿ. ಎಷ್ಟು ಸಲ ಹೇಳಿದ್ರೂ ಮತ್ತ ಇದೇ ಬರ್ತದ, ಅದೂ ಕಲಬುರಗಿ ಜಿಲ್ಲಾದ ಶಹಾಬಾದ್, ವಾಡಿ, ಸೇಡಂ ಕಡೆಯವ್ರೇ ಕೇಳ್ತಾರ.

ಶಹಾಬಾದಿನ ಸಿಮೆಂಟ್ ಕಾರ್ಖಾನಿ 1920ರ ದಶಕದ್ದು, 1936ರಾಗ ಎಸಿಸಿ ಅನ್ನೋ ಸಿಮೆಂಟ್ ಕಂಪನಿ ಒಳಗ ಸೇರ್ತು, ವಾಡಿದು 1968. ಈಗ ಭೀಮಾ ದಂಡಿಗೆ ಸನ್ನತಿ ಹತ್ರ ಕನಗನಹಳ್ಳಿಗೆ ಹೋಗ್ರಿ. ಸ್ತೂಪಕ್ಕ ಹೊದಿಸಿದ ಚಪ್ಪಡಿ, ಬ್ರಾಹ್ಮಿ ಲಿಪಿಯೊಳಗ ‘ರಾಯ ಅಸೋಕೋ’ ಅಂತ ಬರ್ದಿರೋ ಆ ಅಶೋಕನ ಶಿಲ್ಪ, ಎಲ್ಲಾ ಇಲ್ಲಿನ ಸುಣ್ಣಕಲ್ಲೇ, ಹೆಚ್ಚುಕಮ್ಮಿ ಎರಡು ಸಾವಿರ ವರ್ಷದ ಕೆಲಸ. ಅವಾಗ ಯಾವ ಫ್ಯಾಕ್ಟರಿ ಇತ್ರಿ? ಮಳಖೇಡ ಕೋಟಿ ಗೋಡಿನೂ ಇದೇ ಕಲ್ಲು. ಅಷ್ಟು ದೂರ ಬ್ಯಾಡ, ನಿಮ್ಮ ಊರಿನ ಹಳೇ ಮನಿ ಮಾಳಿಗಿ ನೋಡ್ರಿ, ತೊಲಿ ಮ್ಯಾಲೆ ಪರ್ಸಿ ಹಾಸಿ ಮಣ್ಣು ಮೆತ್ತಿರ್ತಾರ.

ಇನ್ನೊಂದು, ಫ್ಯಾಕ್ಟರಿಗೆ ಬೇಕಾಗಿದ್ದು ಪುಡಿ. ಅವ್ರು ತೂತು ಕೊರ್ದು ಬ್ಲಾಸ್ಟ್ ಮಾಡಿ ಕ್ರಷರ್‌ಗೆ ಹಾಕಿ ಆಮ್ಯಾಲೆ ಸುಮಾರು 1450 ಡಿಗ್ರಿಯೊಳಗ ಸುಡ್ತಾರ. ಪರ್ಸಿ ಖಣಿಯೊಳಗ ಹಂಗ ಬ್ಲಾಸ್ಟ್ ಮಾಡಿದ್ರ ಮಾಲೇ ಹಾಳು. ಇಲ್ಲಿ ಮ್ಯಾಲಿನ ಎರಿ ಮಣ್ಣು ತೆಗ್ದು, ಸವೆದ ಕಲ್ಲು ಎತ್ತಿ ಒಗ್ದು, ಒಳ್ಳೆ ಪದರ ಸಿಕ್ಕ ಮ್ಯಾಲೆ ಉಳಿಯಿಂದ ಗೆರಿ ಹೊಡ್ದು, ಸಂದಿಯೊಳಗ ಹಾರಿ ಹಾಕಿ ಮೀಟ್ತಿದ್ರು. ಆವಾಗ ‘ಠಣ್’ ಅಂದ್ರ ಕಲ್ಲು ಗಟ್ಟಿ, ಮಬ್ಬು ಸಪ್ಪಳ ಬಂದ್ರ ಒಳಗ ಬಿರುಕು, ಹಳೇ ಮೇಸ್ತ್ರಿಗಳು ಕಿವಿಯಿಂದಲೇ ಹೇಳ್ತಿದ್ರು. ಈಗ ಕಟಿಂಗ್ ಮಷೀನ್ ಬಂದದ, ಆದ್ರೂ ಪದರ ಏಳೋದು ಕಲ್ಲಿನ ಗುಣದಿಂದಲೇ. ಕೋಟ್ಯಂತರ ವರ್ಷದ ಹಿಂದ ಇಲ್ಲಿ ಕಡಿಮಿ ಆಳದ ಸಮುದ್ರ ಇತ್ತು, ಸುಣ್ಣದ ನುಣುಪು ಕೆಸರು ಪದರ ಪದರಾಗಿ ಕೂತು ಗಟ್ಟಿಯಾಗಿದ್ದು ಇದು. ಸರ್ಕಾರದ ಲೆಕ್ಕದಾಗೂ ಸಿಮೆಂಟಿನ ಸುಣ್ಣಕಲ್ಲು ಬ್ಯಾರೆ, ಶಹಾಬಾದ್ ಕಲ್ಲು ಬ್ಯಾರೆ, ಇದು ಉಪಖನಿಜ, ಅಂದ್ರ ಕಟ್ಟಡದ ಕಲ್ಲು, ಮರಳಿನ ಸಾಲಿನ್ಯಾಗಿಂದು.

ಹೊಸದು ಏನಾದ್ರೂ ಬಂದಿದ್ರ ಅದು ರೈಲು. 1871ಕ್ಕ ಮುಂಬೈ-ಮದ್ರಾಸ್ ಲೈನ್ ರಾಯಚೂರಿನಾಗ ಕೂಡ್ತು, ನಿಜಾಮರ ಕಾಲ, ಆಮ್ಯಾಲೆ ಇಂಥ ಭಾರದ ಮಾಲು ದೂರ ಕಳಿಸೋದು ಸಸ್ತಾ ಆಯ್ತು. ದೂರದ ಊರಿನವ್ರ ಬಾಯಾಗ ಕಲ್ಲಿಗೆ ಶಹಾಬಾದ್ ಹೆಸರು ಕೂತಿದ್ದಕ್ಕ ಸ್ಟೇಷನ್ನೂ ಒಂದು ಕಾರಣ ಅಂತ ನನಗನಸ್ತದ, ಯಾಕಂದ್ರ ಇದೇ ಕಲ್ಲು ಸೇಡಂ, ಚಿತ್ತಾಪುರದಾಗೂ ಅದ, ಗಡಿ ದಾಟಿದ್ರ ತೆಲಂಗಾಣದ ತಾಂಡೂರಿನಾಗೂ ಅದ.

ಯಾರೂ ಕೇಳಿಲ್ಲ, ಆದ್ರೂ ಹೇಳ್ತೀನಿ. ಪರ್ಸಿ ಹಾಸಿದ ಬಚ್ಚಲಕ್ಕ ಆಸಿಡ್ ಹಾಕಿ ತೊಳಿಬ್ಯಾಡ್ರಿ. ಬುರುಬುರು ನೊರಿ ಬರ್ತದಲ್ಲ, ಅದು ಹೊಲಸು ಹೋಗೋದಲ್ಲ, ಕಲ್ಲೇ ಕರಗೋದು. ಲಿಂಬಿಹಣ್ಣಿನ ರಸ ಬಿದ್ರೂ ಪಾಲಿಶ್ ಹೋಗಿ ಬಿಳಿ ಕಲೆ ಉಳಿತದ. ಸೋಪಿನ ನೀರು ಸಾಕು.