ಆರ್15ಗೆ ಕ್ರ್ಯಾಶ್ ಗಾರ್ಡ್ ಇದೆ, ಟ್ರ್ಯಾಕ್‌ಗೆ ಅದು ಸಾಕಾ?

ಪ್ರಶ್ನೆ: ನಮಸ್ಕಾರ ಸರ್. ನನ್ನದು ಯಮಹಾ ಆರ್15. ಮುಂದಿನ ತಿಂಗಳು ಮೊದಲ ಸಲ ಚೆನ್ನೈ ರೇಸ್ ಟ್ರ್ಯಾಕ್‌ಗೆ ಹೋಗುತ್ತಿದ್ದೇನೆ. ಬೈಕಿಗೆ ಕಬ್ಬಿಣದ ಕ್ರ್ಯಾಶ್ ಗಾರ್ಡ್ ಹಾಕಿಸಿದ್ದೇನೆ. ಬಿದ್ದರೆ ಅದು ಸಾಕಾ, ಇಲ್ಲ ಸ್ಲೈಡರ್ (ಬದಿಗೆ ಹಾಕುವ ನೈಲಾನ್ ಗೂಟ) ಕೂಡ ಬೇಕಾ? ಡ್ಯಾಮೇಜ್ ಆದರೆ ಇನ್ಶೂರೆನ್ಸ್ ಸಿಗುತ್ತಾ?

ಉತ್ತರ: ಮೊದಲು ಆ ಗಾರ್ಡ್ ಬಿಚ್ಚಿ. ಟ್ರ್ಯಾಕ್ ಡೇ, ಅಂದರೆ ದುಡ್ಡು ಕೊಟ್ಟು ರೇಸ್ ಟ್ರ್ಯಾಕ್‌ನಲ್ಲಿ ನಮ್ಮ ಬೈಕ್ ಓಡಿಸುವ ದಿನ, ಅದನ್ನು ನಡೆಸುವವರು ಸಾಮಾನ್ಯವಾಗಿ ಬೆಳಿಗ್ಗೆ ಬೈಕ್ ತಪಾಸಣೆ ಮಾಡುವಾಗಲೇ ಅದನ್ನು ಬಿಚ್ಚಿಸುತ್ತಾರೆ. ಅಲ್ಲಿ ಹೋಗಿ ಸ್ಪ್ಯಾನರ್ ಯಾರ ಹತ್ತಿರ ಇದೆ ಅಂತ ಓಡಾಡುವುದಕ್ಕಿಂತ ಮನೆಯಲ್ಲೇ ಬಿಚ್ಚಿಟ್ಟು ಹೋಗುವುದು ವಾಸಿ.

ಕ್ರ್ಯಾಶ್ ಗಾರ್ಡ್ ಇರುವುದು ಊರೊಳಗೆ ಬೀಳುವುದಕ್ಕೆ. ಸಿಗ್ನಲ್‌ನಲ್ಲಿ ಕಾಲು ಜಾರಿ ಬೈಕ್ ವಾಲಿತು, ತಿರುವಿನ ಮರಳಲ್ಲಿ ಇಪ್ಪತ್ತರ ಸ್ಪೀಡಲ್ಲಿ ಬಿತ್ತು, ಆಗ ಅದು ನಿಮ್ಮ ಕಾಲು ಉಳಿಸುತ್ತದೆ. ಟ್ರ್ಯಾಕ್‌ನಲ್ಲಿ ಬೈಕ್ ಚೆನ್ನಾಗಿ ವಾಲಿದಾಗ ಅದೇ ಪೈಪು ನೆಲಕ್ಕೆ ತಾಗುತ್ತದೆ, ಟೈರ್ ಮೇಲೆ ಇರಬೇಕಾದ ಭಾರ ಗಾರ್ಡ್ ಮೇಲೆ ಬರುತ್ತದೆ, ಟೈರ್ ಹಿಡಿತ ಬಿಡುತ್ತದೆ. ಬೀಳದೆ ಹೋಗಬಹುದಾಗಿದ್ದವರನ್ನು ಗಾರ್ಡೇ ಬೀಳಿಸಿದ ಹಾಗಾಯಿತು ಅಲ್ವಾ? ಬಿದ್ದ ಮೇಲಿನದು ಇನ್ನೂ ಕಷ್ಟ. ಬಿದ್ದ ಬೈಕ್ ಸುಮ್ನೆ ಜಾರಿಕೊಂಡು ಹೋಗಿ ನಿಲ್ಲಬೇಕು. ಜಾರಿದಷ್ಟೂ ಒಳ್ಳೆಯದು. ಟ್ರ್ಯಾಕ್ ದಾಟಿ ಪಕ್ಕದ ಮಣ್ಣಿಗೋ ಜಲ್ಲಿಗೋ ಹೋದಾಗ ಆ ಬಾಗಿದ ಪೈಪು ನೇಗಿಲಿನ ಹಾಗೆ ನೆಲಕ್ಕೆ ಇಳಿಯುತ್ತದೆ. ಸಿಕ್ಕಿಕೊಂಡ ಬೈಕ್ ಪಲ್ಟಿ ಹೊಡೆಯುತ್ತದೆ. ಒಂದು ಬದಿ ಗೀರಿಗೆ ಮುಗಿಯಬೇಕಾದದ್ದು ಟ್ಯಾಂಕ್, ಹ್ಯಾಂಡಲ್, ಹಿಂಭಾಗ ಎಲ್ಲದಕ್ಕೂ ಬರುತ್ತದೆ. ಪೈಪು ಕೂತಿರುವ ಜಾಗದಲ್ಲಿ ಫ್ರೇಮಿಗೆ ಪೆಟ್ಟು ಬಿದ್ದರಂತೂ ಮುಗೀತು. ನಿಮ್ಮ ಬೈಕಿನದು ಡೆಲ್ಟಾಬಾಕ್ಸ್ ಫ್ರೇಮ್, ಡಬ್ಬಿಯ ಹಾಗಿರುವ ಅಗಲ ತೊಲೆಗಳದು, ಸೊಟ್ಟಗಾದರೆ ಬಡಿದು ನೆಟ್ಟಗೆ ಮಾಡಿಸೋಣ ಅಂತ ಹೋಗಬೇಡಿ.

ಹಾಗಾದರೆ ಏನು ಹಾಕಿಸಬೇಕು? ನನ್ನ ಕಥೆಯನ್ನೇ ಹೇಳುತ್ತೇನೆ.

ನೀವು ಹೋಗುತ್ತಿರುವ ಇರುಂಗಾಟ್ಟುಕೋಟೈ ಟ್ರ್ಯಾಕ್‌ನಲ್ಲೇ, ಈಗ ಮದ್ರಾಸ್ ಇಂಟರ್‌ನ್ಯಾಷನಲ್ ಸರ್ಕ್ಯೂಟ್ ಅನ್ನುತ್ತಾರಲ್ಲ, 3.717 ಕಿಲೋಮೀಟರ್, 12 ತಿರುವು, ಅಲ್ಲಿ ನನ್ನ ಎರಡನೇ ಟ್ರ್ಯಾಕ್ ಡೇ. ಬೆಳಿಗ್ಗೆಯ ಮೊದಲ ಸೆಷನ್. ಟೈರ್ ಇನ್ನೂ ಬಿಸಿಯಾಗಿರಲಿಲ್ಲ, ನನಗೆ ಅವಸರ. ಎಡಕ್ಕೆ ವಾಲಿಸಿದೆ, ಮುಂದಿನ ಚಕ್ರ ಮಡಚಿಕೊಂಡಿತು, ಬಿದ್ದೆ. ನಿಧಾನದ ತಿರುವು, ನನಗೇನೂ ಆಗಲಿಲ್ಲ. ಬೈಕ್ ಕೂಡ ದೂರದಿಂದ ನೋಡಿದರೆ ಪರವಾಗಿಲ್ಲ ಅನ್ನೋ ಹಾಗಿತ್ತು. ಹತ್ತಿರ ಹೋದರೆ ಎಂಜಿನ್‌ನ ಎಡಬದಿಯ ಕವರ್, ಒಳಗೆ ಕರೆಂಟ್ ಹುಟ್ಟಿಸುವ ಸ್ಟೇಟರ್ ಇರುತ್ತದಲ್ಲ ಅದು, ನೆಲಕ್ಕೆ ಉಜ್ಜಿ ಉಜ್ಜಿ ಗಂಧ ತೇಯ್ದ ಹಾಗೆ ತೇಯ್ದು ಹೋಗಿ ಎಂಟಾಣೆ ಅಗಲದ ತೂತಾಗಿತ್ತು. ಅದರಿಂದ ಆಯಿಲ್ ಸುರಿಯುತ್ತಿತ್ತು. ನಾನು ಬೈಕ್ ಎತ್ತಿ ಸ್ಟಾರ್ಟ್ ಮಾಡಲು ಹೊರಟೆ, ಟ್ರ್ಯಾಕ್ ಪಕ್ಕ ನಿಂತು ಕಾಯುವ ಮಾರ್ಷಲ್ ಕಿರುಚಿ ನಿಲ್ಲಿಸಿದರು. ಬೈಕ್ ಜಾರಿಕೊಂಡು ಬಂದ ದಾರಿಯುದ್ದಕ್ಕೂ ಕಪ್ಪು ಗೆರೆ. ಕೆಂಪು-ಹಳದಿ ಪಟ್ಟೆಯ ಬಾವುಟ ಬಂತು. ಅಂದರೆ ನೆಲ ಜಾರುತ್ತದೆ, ಹುಷಾರು ಅಂತ. ಆಮೇಲೆ ಸೆಷನ್ನೇ ನಿಲ್ಲಿಸಿ ಆ ಗೆರೆ ಮೇಲೆಲ್ಲ ಪುಡಿ ಸುರಿದು ಗುಡಿಸಿದರು. ದುಡ್ಡು ಕೊಟ್ಟು ಬಂದವರೆಲ್ಲ ಬಿಸಿಲಲ್ಲಿ ಹೆಲ್ಮೆಟ್ ಹಿಡಿದುಕೊಂಡು ನನ್ನನ್ನೇ ನೋಡುತ್ತಾ ನಿಂತಿದ್ದರು. ಅವತ್ತು ನನ್ನ ಬೈಕಿನಲ್ಲಿ ದುಬಾರಿ ಫ್ರೇಮ್ ಸ್ಲೈಡರ್ ಇತ್ತು. ಕವರ್ ಕಾಯುವ ಒಂದು ತುಂಡು ಪ್ಲಾಸ್ಟಿಕ್ ಇರಲಿಲ್ಲ.

ಅದಕ್ಕೇ ಹೇಳುತ್ತಿದ್ದೇನೆ. ಮೊದಲು ಕಾಯಬೇಕಾದದ್ದು ಆಯಿಲ್. ನಿಮ್ಮ ಹಿಂದೆ ಬರುವವನ ಟೈರ್ ಕೆಳಗೆ ಅದು ಹೋಗಬಾರದು. ಎರಡನೆಯದು, ಬಿದ್ದ ಮೇಲೂ ಬೈಕ್ ಪ್ಯಾಡಾಕ್‌ಗೆ (ಟ್ರ್ಯಾಕ್ ಪಕ್ಕ ಬೈಕ್ ನಿಲ್ಲಿಸುವ ಜಾಗ) ವಾಪಸ್ ಬರಲು ಬೇಕಾದ ಲಿವರ್, ಪೆಡಲ್, ಹ್ಯಾಂಡಲ್. ಫೇರಿಂಗ್ (ಬೈಕಿನ ಮೈ ಮುಚ್ಚುವ ಪ್ಲಾಸ್ಟಿಕ್ ಹೊದಿಕೆ), ಪೇಂಟು, ಸ್ಟಿಕ್ಕರ್ ಎಲ್ಲ ಕೊನೆಗೆ. ನಮ್ಮಲ್ಲಿ ಜಾಸ್ತಿ ಜನ ಇದನ್ನು ಉಲ್ಟಾ ಮಾಡುತ್ತಾರೆ.

ಎಂಜಿನ್ ಕವರ್ ಮೇಲೆ ಕೂರುವ ಇನ್ನೊಂದು ಕವರ್ ಸಿಗುತ್ತದೆ, ಕೇಸ್ ಕವರ್ ಅಥವಾ ಎಂಜಿನ್ ಪ್ರೊಟೆಕ್ಟರ್ ಅಂತ ಕೇಳಿ. ಗ್ಲಾಸ್ ಫೈಬರ್ ಬೆರೆಸಿದ ಗಟ್ಟಿ ನೈಲಾನಿನದು ಬರುತ್ತದೆ, ದಪ್ಪ ಅಲ್ಯೂಮಿನಿಯಂನದೂ ಬರುತ್ತದೆ. ಎಡಕ್ಕೊಂದು, ಬಲಕ್ಕೆ ಕ್ಲಚ್ ಕಡೆ ಒಂದು. ಬೈಕಿನ ಮೂಲ ಬೋಲ್ಟ್ ತೆಗೆದು ಅದರ ಜೊತೆ ಬರುವ ಉದ್ದನೆಯ ಬೋಲ್ಟ್ ಹಾಕಬೇಕು. ಅಲ್ಯೂಮಿನಿಯಂ ಕೇಸಿನ ಥ್ರೆಡ್ ಬಹಳ ಸೂಕ್ಷ್ಮ, ಪೂರ್ತಿ ತೋಳಿನ ಬಲ ಹಾಕಿ ತಿರುಗಿಸುವ ಮೆಕ್ಯಾನಿಕ್ ಕೈಗೆ ಕೊಡಬೇಡಿ, ಟಾರ್ಕ್ ರೆಂಚ್ (ಎಷ್ಟು ಬೇಕೋ ಅಷ್ಟೇ ಬಿಗಿಯಲು ಬಳಸುವ ಸ್ಪ್ಯಾನರ್) ಇರುವವರ ಹತ್ತಿರ ಹೋಗಿ. ವಿಶ್ವ ಸೂಪರ್‌ಬೈಕ್ ಮಟ್ಟದ ರೇಸ್‌ಗಳಲ್ಲಿ ಆಯಿಲ್ ಇರುವ ಕವರ್‌ಗಳಿಗೆ ಇಂಥ ಎರಡನೇ ಕವಚ ಕಡ್ಡಾಯ. ಅಲ್ಲಿ ಫೇರಿಂಗ್‌ನ ಕೆಳಭಾಗ ಕೂಡ ಬಾಣಲೆಯ ಹಾಗೆ ಇರಬೇಕು, ಎಂಜಿನ್ ಒಡೆದರೆ ಅದರ ಆಯಿಲ್ ಮತ್ತು ಕೂಲೆಂಟ್‌ನಲ್ಲಿ ಕನಿಷ್ಠ ಅರ್ಧವನ್ನಾದರೂ ಹಿಡಿದುಕೊಳ್ಳಬೇಕು. ರೇಸ್‌ಗೆ ಇಳಿಯುವವರು ಆಯಿಲ್ ಡ್ರೈನ್ ಬೋಲ್ಟ್‌ನ ತಲೆಗೆ ಸಣ್ಣ ತೂತು ಕೊರೆದು ತಂತಿ ಕಟ್ಟುತ್ತಾರೆ, ಅದು ಸಡಿಲವಾಗಿ ಉದುರಬಾರದು ಅಂತ. ಮೊದಲ ಟ್ರ್ಯಾಕ್ ಡೇಗೆ ನಿಮಗೆ ಅಷ್ಟು ಬೇಡ. ಕೇಸ್ ಕವರ್ ಮಾತ್ರ ಬೇಕೇ ಬೇಕು. ನಾನು ಆಮೇಲೆ ಇನ್ನೊಂದು ಸಲ ಅದೇ ಬದಿಗೆ ಬಿದ್ದೆ. ನೈಲಾನ್ ಅರ್ಧ ತೇಯ್ದಿತ್ತು, ಒಳಗಿನ ಕವರ್ ಮೇಲೆ ಒಂದು ಗೀರೂ ಇರಲಿಲ್ಲ. ಮಧ್ಯಾಹ್ನದ ಸೆಷನ್ ಓಡಿಸಿದೆ.

ಈಗ ನಿಮ್ಮ ಸ್ಲೈಡರ್. ಇದರಲ್ಲಿ ಟ್ರ್ಯಾಕ್‌ಗೆ ಹೋಗುವವರಲ್ಲೇ ಎರಡು ಪಂಗಡ, ಬೇಕು ಅನ್ನುವವರು, ಬೇಡ ಅನ್ನುವವರು. ಫ್ರೇಮ್ ಸ್ಲೈಡರ್ ಅಂದರೆ ಎಂಜಿನ್ ಮೌಂಟ್ ಬೋಲ್ಟ್‌ಗೆ ಕೂರಿಸಿದ ಗುಂಡನೆಯ ಡೆಲ್ರಿನ್ (ಒಂದು ಬಗೆಯ ಗಟ್ಟಿ ಪ್ಲಾಸ್ಟಿಕ್) ಅಥವಾ ನೈಲಾನ್ ಗೂಟ. ಟಾರಿನ ಮೇಲೆ ಜಾರುವಾಗ ಅದು ತಾನು ತೇಯ್ದುಕೊಂಡು ಬೈಕನ್ನು ಎತ್ತಿ ಹಿಡಿಯುತ್ತದೆ, ತುಂಬಾ ಚೆನ್ನಾಗಿ ಕೆಲಸ ಮಾಡುತ್ತದೆ. ಜಲ್ಲಿಗೆ ಹೋದರೆ ಉದ್ದ ಸ್ಲೈಡರ್ ಕೂಡ ಗಾರ್ಡಿನ ಹಾಗೇ ನೆಟ್ಟುಕೊಳ್ಳಬಹುದು. ನನ್ನ ಅಭಿಪ್ರಾಯ ಕೇಳಿದರೆ, ಗಿಡ್ಡದು ಹಾಕಿ. ಫೇರಿಂಗ್‌ನಿಂದ ಎರಡು ಬೆರಳು ಹೊರಗೆ ಬಂದರೆ ಸಾಕು. ಫೇರಿಂಗ್ ಕೊರೆಯಬೇಕಿಲ್ಲ ಅಂತ ಮಾರುವ ಒಂದು ಬಗೆ ಇದೆ, ಅದರಲ್ಲಿ ಬೋಲ್ಟ್ ಒಂದು ಕಡೆ, ಗೂಟ ಇನ್ನೊಂದು ಕಡೆ, ನಡುವೆ ಕಬ್ಬಿಣದ ಪಟ್ಟಿ. ಪೆಟ್ಟು ಬಿದ್ದಾಗ ಆ ಪಟ್ಟಿ ಸನ್ನೆಗೋಲಿನ ಹಾಗೆ ಬೋಲ್ಟನ್ನು ತಿರುಚುತ್ತದೆ. ಫೇರಿಂಗ್‌ಗೆ ತೂತು ಹೊಡೆಸಲು ಹೊಟ್ಟೆ ಉರಿಯುತ್ತದೆ ನಿಜ, ಆದರೂ ನೇರವಾಗಿ ಬೋಲ್ಟ್ ಮೇಲೆ ಕೂರುವುದೇ ಮೇಲು.

ಇದಕ್ಕಿಂತ ಕಡಿಮೆ ದುಡ್ಡಲ್ಲಿ ಆಗುವುದು ಆ್ಯಕ್ಸಲ್ ಸ್ಲೈಡರ್. ಮುಂದಿನ ಚಕ್ರದ ಆ್ಯಕ್ಸಲ್ ಟೊಳ್ಳಾಗಿದ್ದರೆ ಅದರೊಳಗೆ ಒಂದು ಸರಳು ತೂರಿಸಿ ಎರಡು ತುದಿಗೂ ನೈಲಾನ್ ಗುಂಡಿ ಹಾಕುವುದು, ಅಷ್ಟೇ. ಫೋರ್ಕ್‌ನ ಕೆಳತುದಿ ಮತ್ತು ಬ್ರೇಕ್ ಕ್ಯಾಲಿಪರ್ ಉಳಿಯುತ್ತವೆ. ಬೆಂಗಳೂರಿನವರಾದರೆ ಪೀಣ್ಯದಲ್ಲಿ ಯಾವುದಾದರೂ ಲೇತ್ ಅಂಗಡಿಗೆ ಅಳತೆ ಕೊಟ್ಟರೆ ಡೆಲ್ರಿನ್ ಸರಳಿನಿಂದ ಕಡೆದು ಕೊಡುತ್ತಾರೆ.

ಲಿವರ್ ವಿಷಯಕ್ಕೆ ಬರೋಣ, ಯಾಕೆಂದರೆ ಅರ್ಧ ಜನರ ಟ್ರ್ಯಾಕ್ ಡೇ ಮುಗಿಯುವುದು ಇದರಿಂದಲೇ. ಬೈಕ್ ಬಿದ್ದ ಕೂಡಲೇ ಮೊದಲು ನೆಲಕ್ಕೆ ಬಡಿಯುವುದು ಹ್ಯಾಂಡಲ್ ತುದಿ ಮತ್ತು ಲಿವರ್. ಲಿವರ್ ಹಿಡಿದಿರುವ ಕ್ಲ್ಯಾಂಪನ್ನು ಜನ ಬಿಗಿದು ಇಟ್ಟಿರುತ್ತಾರೆ. ಅಷ್ಟು ಬೇಡ. ಓಡಿಸುವಾಗ ಅಲುಗಾಡಬಾರದು, ಆದರೆ ಅಂಗೈಯಿಂದ ಜೋರಾಗಿ ಒತ್ತಿದರೆ ತಿರುಗಬೇಕು. ಕ್ಲ್ಯಾಂಪ್ ಕೆಳಗೆ ಹ್ಯಾಂಡಲ್‌ಗೆ ಎರಡು ಸುತ್ತು ಟೆಫ್ಲಾನ್ ಟೇಪ್, ನಲ್ಲಿಗೆ ಪ್ಲಂಬರ್ ಸುತ್ತುವ ಅದೇ ಬಿಳಿ ಟೇಪ್, ಸುತ್ತಿ ಬಿಗಿದರೆ ಈ ಹದ ಸುಲಭವಾಗಿ ಸಿಗುತ್ತದೆ. ಬಿದ್ದಾಗ ಲಿವರ್ ಮುರಿಯುವ ಬದಲು ತಿರುಗಿಕೊಳ್ಳುತ್ತದೆ. ಎದ್ದು ಬಂದು ವಾಪಸ್ ತಿರುಗಿಸಿಕೊಂಡರಾಯಿತು. ಎಷ್ಟೋ ಲಿವರ್‌ಗಳ ತುದಿಯ ಹತ್ತಿರ ಒಂದು ಸಣ್ಣ ಕಚ್ಚು ಇರುತ್ತದೆ, ನೋಡಿ. ಮುರಿದರೆ ಅಲ್ಲೇ ಮುರಿಯಲಿ, ಉಳಿದದ್ದರಲ್ಲಿ ಎರಡು ಬೆರಳು ಕೂರಲಿ ಅಂತ ಅದು.

ರೇಸ್ ಬೈಕ್‌ಗಳಲ್ಲಿ ಬ್ರೇಕ್ ಲಿವರ್ ಮುಂದೆ ಒಂದು ಬಾಗಿದ ಕಡ್ಡಿ ಕಾಣುತ್ತದಲ್ಲ, ಲಿವರ್ ಗಾರ್ಡ್, ಅದು ಬಿದ್ದಾಗಿನದಕ್ಕಲ್ಲ. ಪಕ್ಕದ ಬೈಕ್ ತಾಗಿ ನಿಮ್ಮ ಮುಂದಿನ ಬ್ರೇಕ್ ತಾನಾಗೇ ಒತ್ತಿಕೊಳ್ಳಬಾರದು ಅಂತ. ಗುಂಪಲ್ಲಿ ಓಡಿಸುವಾಗ ಹಾಕಿಕೊಳ್ಳಿ.

ಬಿಚ್ಚಬೇಕಾದದ್ದು ಇನ್ನೂ ಇದೆ. ಕನ್ನಡಿ, ಇಂಡಿಕೇಟರ್, ನಂಬರ್ ಪ್ಲೇಟ್, ಸೀರೆ ಗಾರ್ಡ್. ಹೆಡ್‌ಲೈಟ್‌ಗೆ ಟೇಪ್ ಹಚ್ಚಿ, ಒಡೆದರೆ ಚೂರು ಟ್ರ್ಯಾಕ್ ಮೇಲೆ ಉದುರಬಾರದು. ಕೂಲೆಂಟ್ ತೆಗೆದು ಡಿಸ್ಟಿಲ್ಡ್ ವಾಟರ್ ಹಾಕಿ ಅಂತ ಕೆಲವು ಕಡೆ ಹೇಳುತ್ತಾರೆ. ಕೂಲೆಂಟ್‌ನಲ್ಲಿರುವ ಗ್ಲೈಕಾಲ್ ಚೆಲ್ಲಿದರೆ ಆಯಿಲ್‌ನಷ್ಟೇ ಜಾರುತ್ತದೆ, ಬೇಗ ಒಣಗುವುದೂ ಇಲ್ಲ. ಚೆನ್ನೈ ಬಿಸಿಲಲ್ಲಿ ನೀರು ಹೆಪ್ಪುಗಟ್ಟುವ ಭಯವಂತೂ ಇಲ್ಲ, ಊರಿಗೆ ಬಂದ ಮೇಲೆ ಮರೆಯದೆ ಕೂಲೆಂಟ್ ಹಾಕಿಸಿ.

ಫೇರಿಂಗ್ ಬಗ್ಗೆ ಜಾಸ್ತಿ ಹೇಳುವುದಿಲ್ಲ. ವರ್ಷಕ್ಕೆ ನಾಲ್ಕೈದು ಸಲ ಹೋಗುವವರಾದರೆ ಕಂಪನಿ ಫೇರಿಂಗ್ ಬಿಚ್ಚಿ ಅಟ್ಟದಲ್ಲಿಟ್ಟು ಫೈಬರ್‌ದು ಹಾಕಿಕೊಳ್ಳಿ, ಒಡೆದರೆ ರೆಸಿನ್ ಅಂಟು ಮತ್ತು ಫೈಬರ್ ಮ್ಯಾಟ್ ಹಾಕಿ ಮತ್ತೆ ಮತ್ತೆ ತೇಪೆ ಹಚ್ಚಬಹುದು. ಒಂದೇ ಸಲಕ್ಕೆ ಬೇಡ.

ಇನ್ಶೂರೆನ್ಸ್? ನಿಮ್ಮ ಪಾಲಿಸಿ ತೆಗೆದು ಬಳಕೆಯ ಮಿತಿ ಅನ್ನುವ ಭಾಗ ಓದಿ. ರೇಸ್, ವೇಗ ಪರೀಕ್ಷೆ ಇಂಥವೆಲ್ಲ ಹೊರಗೆ ಅಂತ ಬರೆದಿರುತ್ತದೆ. ನಾನು ರೇಸ್ ಮಾಡಲಿಲ್ಲ, ಬರೀ ಪ್ರಾಕ್ಟೀಸ್ ಅಂತ ವಾದ ಮಾಡಿ ಗೆಲ್ಲುತ್ತೇನೆ ಅಂದುಕೊಳ್ಳಬೇಡಿ. ರಸ್ತೆಯಲ್ಲಿ ಬಿದ್ದೆ ಅಂತ ಸುಳ್ಳು ಬರೆದು ಕ್ಲೇಮ್ ಮಾಡುವವರೂ ಇದ್ದಾರೆ, ಅದು ಮೋಸ, ಆ ದಾರಿ ಬೇಡ. ಟ್ರ್ಯಾಕ್‌ನಲ್ಲಿ ಮುರಿದದ್ದು ನಿಮ್ಮ ಜೇಬಿನಿಂದಲೇ ಅಂತ ಲೆಕ್ಕ ಹಾಕಿ ಹೋಗಿ. ಹಾಗಾಗಿ ಬ್ಯಾಗಲ್ಲಿ ಎರಡೂ ಲಿವರ್, ಗೇರ್ ಪೆಡಲ್, ಒಂದು ಜೊತೆ ಫುಟ್‌ಪೆಗ್, ಕೇಬಲ್ ಟೈ, ಒಳ್ಳೆ ಟೇಪ್ ಮತ್ತು ಒಂದು ಎಂ-ಸೀಲ್ ಇಟ್ಟುಕೊಳ್ಳಿ. ಎಂ-ಸೀಲ್ ಹಚ್ಚಿದ ಎಂಜಿನ್ ಕವರ್ ಹಾಕಿಕೊಂಡು ಮತ್ತೆ ಟ್ರ್ಯಾಕ್‌ಗೆ ಇಳಿಯಲು ಅಲ್ಲ, ಬೈಕನ್ನು ಗಾಡಿಗೆ ಏರಿಸಿ ತರುವಾಗ ಆಯಿಲ್ ಸೋರದಿರಲಿ ಅಂತ. ಗಾಡಿ ಅಂದೆ, ಅದನ್ನೂ ಯೋಚಿಸಿ. ಬೆಂಗಳೂರಿನಿಂದ ಬೈಕ್ ಓಡಿಸಿಕೊಂಡೇ ಹೋದರೆ, ಬಿದ್ದ ದಿನ ವಾಪಸ್ ಬರುವುದು ಹೇಗೆ? ನಾಲ್ಕು ಜನ ಸೇರಿ ಒಂದು ಗೂಡ್ಸ್ ಟೆಂಪೋ ಮಾಡಿಕೊಂಡರೆ ಅಷ್ಟೇನೂ ಭಾರ ಆಗುವುದಿಲ್ಲ.

ಬಿದ್ದರೆ, ಎದ್ದ ಕೂಡಲೇ ಬೈಕ್ ಕಡೆ ಓಡಬೇಡಿ. ಮೊದಲು ಟ್ರ್ಯಾಕ್ ಬಿಟ್ಟು ದೂರ ಹೋಗಿ, ಮಾರ್ಷಲ್ ಹೇಳಿದ ಮೇಲೆ ಬನ್ನಿ. ಎಂಜಿನ್ ಇನ್ನೂ ಓಡುತ್ತಿದ್ದರೆ ಕಿಲ್ ಸ್ವಿಚ್ ಒತ್ತಿ. ಮಲಗಿದ ಬೈಕಿನಲ್ಲಿ ಆಯಿಲ್ ಪಂಪಿಗೆ ಆಯಿಲ್ ಸಿಗುವುದಿಲ್ಲ, ಒಳಗೆ ಒಣಗಿ ಸವೆಯುತ್ತದೆ. ಪ್ಯಾಡಾಕ್‌ಗೆ ತಂದ ಮೇಲೆ ಆ್ಯಕ್ಸಿಲರೇಟರ್ ತಿರುಗಿಸಿ ಬಿಡಿ, ಟಪ್ ಅಂತ ವಾಪಸ್ ಬರಬೇಕು. ಬಲಕ್ಕೆ ಬಿದ್ದಾಗ ಹ್ಯಾಂಡಲ್ ತುದಿ ತೇಯ್ದು ಗ್ರಿಪ್ ಒಳಗೆ ಮರಳು ಸೇರಿಕೊಂಡಿರುತ್ತದೆ, ಅದು ಅರ್ಧಕ್ಕೇ ಸಿಕ್ಕಿಕೊಂಡರೆ ಮುಂದಿನ ತಿರುವಿನಲ್ಲಿ ಬೈಕ್ ನಿಲ್ಲುವುದಿಲ್ಲ. ಫೇರಿಂಗ್ ಹೊಟ್ಟೆಯೊಳಗಿನ ಜಲ್ಲಿ ಕೂಡ ಪೂರ್ತಿ ತೆಗೆಯಿರಿ.

ಬಿಚ್ಚಿದ ಗಾರ್ಡ್ ಗುಜರಿಗೆ ಹಾಕಬೇಡಿ. ಸೋಮವಾರ ಆಫೀಸಿಗೆ ಹೋಗುವಾಗ ಸಿಲ್ಕ್ ಬೋರ್ಡ್ ಜಂಕ್ಷನ್‌ನಲ್ಲಿ ಅದು ಬೇಕಾಗುತ್ತದೆ.