ವಾಲ್ವ್ ಓವರ್‌ಲ್ಯಾಪ್: ಟರ್ಬೊ ಕಾರಿಗೆ ಕ್ಯಾಮ್‌ಶಾಫ್ಟ್ ಆರಿಸುವ ಮುನ್ನ

ನಾಲ್ಕು ಸ್ಟ್ರೋಕಿನ ಎಂಜಿನ್ನಿನಲ್ಲಿ ಉರಿದ ಅನಿಲವನ್ನು ಹೊರತಳ್ಳುವ ಸ್ಟ್ರೋಕ್ ಮುಗಿಯುವ ಮೊದಲೇ ಇನ್‌ಟೇಕ್ ವಾಲ್ವ್ ತೆರೆಯತೊಡಗುತ್ತದೆ. ಪಿಸ್ಟನ್ ಮೇಲ್ತುದಿ ಮುಟ್ಟಿ ಕೆಳಗಿಳಿಯಲು ಆರಂಭಿಸಿದ ಮೇಲೂ ಎಕ್ಸಾಸ್ಟ್ ವಾಲ್ವ್ ಸ್ವಲ್ಪ ಹೊತ್ತು ತೆರೆದೇ ಇರುತ್ತದೆ. ಹೀಗೆ ಎರಡೂ ವಾಲ್ವ್‌ಗಳು ಏಕಕಾಲಕ್ಕೆ ತೆರೆದಿರುವ ಅವಧಿಯೇ ವಾಲ್ವ್ ಓವರ್‌ಲ್ಯಾಪ್. ಇದನ್ನು ಕ್ರ್ಯಾಂಕ್‌ಶಾಫ್ಟ್ ತಿರುಗುವ ಡಿಗ್ರಿಗಳಲ್ಲಿ ಅಳೆಯುತ್ತಾರೆ.

ವಾಲ್ವ್‌ಗಳನ್ನು ತೆರೆದು ಮುಚ್ಚಿಸುವ ಕ್ಯಾಮ್‌ಶಾಫ್ಟ್, ಅಂದರೆ ಕ್ಯಾಮ್, ಕೊಳ್ಳುವವರು ಸಾಮಾನ್ಯವಾಗಿ ನೋಡುವುದು ಡ್ಯುರೇಶನ್ ಅಂಕಿಯನ್ನು, ಅಂದರೆ ಒಂದು ವಾಲ್ವ್ ಕ್ರ್ಯಾಂಕಿನ ಎಷ್ಟು ಡಿಗ್ರಿ ತೆರೆದಿರುತ್ತದೆ ಎಂಬುದನ್ನು. ಮಿತ್ಸುಬಿಷಿ ಲಾನ್ಸರ್ ಇವಲ್ಯೂಶನ್ನಿನ 4ಜಿ63 ಎಂಜಿನ್ನಿಗೆ ಸಿಗುವ 264 ಮತ್ತು 272ರ ಕ್ಯಾಮ್‌ಗಳು ಈ ಅಂಕಿಯಿಂದಲೇ ಪರಿಚಿತವಾಗಿವೆ. ಆದರೆ ಡ್ಯುರೇಶನ್ ಒಂದರಿಂದಲೇ ಓವರ್‌ಲ್ಯಾಪ್ ತಿಳಿಯುವುದಿಲ್ಲ. ಇನ್‌ಟೇಕ್ ಮತ್ತು ಎಕ್ಸಾಸ್ಟ್ ಲೋಬ್‌ಗಳ (ವಾಲ್ವ್ ಒತ್ತುವ ಕ್ಯಾಮ್ ಉಬ್ಬುಗಳ) ತುದಿಗಳ ನಡುವಿನ ಕೋನವೂ ಬೇಕು. ಎರಡೂ ಡ್ಯುರೇಶನ್‌ಗಳು 272 ಆಗಿದ್ದು ಲೋಬ್ ಕೋನ 110 ಇದ್ದರೆ ಓವರ್‌ಲ್ಯಾಪ್ 52 ಡಿಗ್ರಿ. ಅದೇ ಲೋಬ್‌ಗಳನ್ನು 116ಕ್ಕೆ ಅಗಲಿಸಿದರೆ ಅದು 40ಕ್ಕೆ ಇಳಿಯುತ್ತದೆ. ಲೋಬ್ ಕೋನವನ್ನು ಕ್ಯಾಮ್‌ನ ಡಿಗ್ರಿಯಲ್ಲಿ ಹೇಳುವುದರಿಂದಲೂ, ಕ್ಯಾಮ್ ಒಂದು ಸುತ್ತು ತಿರುಗುವಾಗ ಕ್ರ್ಯಾಂಕ್ ಎರಡು ಸುತ್ತು ತಿರುಗುವುದರಿಂದಲೂ ಆರು ಡಿಗ್ರಿಯ ಬದಲಾವಣೆ ಕ್ರ್ಯಾಂಕಿನಲ್ಲಿ ಹನ್ನೆರಡಾಗುತ್ತದೆ. ಡ್ಯುರೇಶನ್ನನ್ನು ಕೆಲವರು ವಾಲ್ವ್ ಅಲುಗಿದ ಕೂಡಲೇ, ಕೆಲವರು 1 ಮಿ.ಮೀ. ಎತ್ತಿದ ಮೇಲೆ ಎಣಿಸಲು ಆರಂಭಿಸುತ್ತಾರಾದ್ದರಿಂದ, ಎರಡು ತಯಾರಕರ ಅಂಕಿಗಳನ್ನು ನೇರವಾಗಿ ಹೋಲಿಸುವುದು ವ್ಯರ್ಥ.

ಟರ್ಬೊ ಇಲ್ಲದ ಎಂಜಿನ್ನಿನಲ್ಲಿ, ಹೆಚ್ಚಿನ ವೇಗದಲ್ಲಿ ಹೊರಹೋಗುವ ಅನಿಲದ ರಭಸವೇ ಹೊಸ ಗಾಳಿಯನ್ನು ಒಳಗೆಳೆಯಲು ನೆರವಾಗುತ್ತದೆ. ಅಲ್ಲಿ ದೊಡ್ಡ ಓವರ್‌ಲ್ಯಾಪ್ ಲಾಭದ್ದು. ಟರ್ಬೊ ಎಂಜಿನ್ನಿನ ಲೆಕ್ಕ ಬೇರೆ. ಅಲ್ಲಿ ಹೊರಹೋಗುವ ಅನಿಲ ಟರ್ಬೈನ್ ಎಂಬ ಚಕ್ರವನ್ನು ತಿರುಗಿಸುತ್ತದೆ, ಆ ಬಲದಿಂದ ಗಾಳಿಯನ್ನು ಒತ್ತಿ ಎಂಜಿನ್ನಿಗೆ ತುಂಬಲಾಗುತ್ತದೆ; ಆ ಗಾಳಿಯ ಒತ್ತಡವೇ ಬೂಸ್ಟ್. ಟರ್ಬೈನ್ ಎಕ್ಸಾಸ್ಟಿನ ದಾರಿಗೆ ಅಡ್ಡವಾಗಿರುವುದರಿಂದ ಅದರ ಹಿಂದೆ, ಸಿಲಿಂಡರುಗಳ ಅನಿಲವನ್ನು ಕೂಡಿಸಿ ತರುವ ಮ್ಯಾನಿಫೋಲ್ಡಿನಲ್ಲಿ, ಒತ್ತಡ ಕಟ್ಟಿಕೊಳ್ಳುತ್ತದೆ. ಬೇಗ ಬೂಸ್ಟ್ ಕೊಡಲೆಂದು ಕಂಪನಿ ಕೂರಿಸಿದ ಚಿಕ್ಕ ಟರ್ಬೊದಲ್ಲಿ, ಎಂಜಿನ್ ವೇಗ ಏರಿದಂತೆ, ಈ ಒತ್ತಡ ಬೂಸ್ಟಿಗಿಂತ ಬಹಳ ಹೆಚ್ಚಾಗಬಹುದು. ಆಗ ಎರಡೂ ವಾಲ್ವ್ ತೆರೆದ ಆ ಕ್ಷಣದಲ್ಲಿ ಉರಿದ ಅನಿಲ ಹೊರಹೋಗುವ ಬದಲು ಸಿಲಿಂಡರಿಗೂ ಇನ್‌ಟೇಕ್ ಪೋರ್ಟಿಗೂ (ಗಾಳಿ ಒಳಬರುವ ದಾರಿಗೂ) ನುಗ್ಗುತ್ತದೆ. ಹೊಸ ಗಾಳಿಗೆ ಜಾಗ ಕಡಿಮೆಯಾಗುತ್ತದೆ, ಒಳಬಂದದ್ದು ಬಿಸಿಯಾಗುತ್ತದೆ, ನಾಕಿಂಗ್ (ಮಿಶ್ರಣ ಹತೋಟಿ ತಪ್ಪಿ ತಾನಾಗಿ ಉರಿಯುವುದು) ಹತ್ತಿರವಾಗುತ್ತದೆ. ದುಬಾರಿ ಕ್ಯಾಮ್ ಹಾಕಿಯೂ ಶಕ್ತಿ ಹೆಚ್ಚದಿರುವುದಕ್ಕೆ ಇದು ಮುಖ್ಯ ಕಾರಣಗಳಲ್ಲಿ ಒಂದು.

ದೊಡ್ಡ, ಸರಾಗವಾಗಿ ಉಸಿರಾಡುವ ಟರ್ಬೊದಲ್ಲಿ ಎರಡು ಕಡೆಯ ಒತ್ತಡಗಳು ಸಮೀಪಿಸುತ್ತವೆ. ಬೂಸ್ಟೇ ಮೇಲುಗೈ ಪಡೆದರೆ ಓವರ್‌ಲ್ಯಾಪ್ ಸಿಲಿಂಡರಿನಲ್ಲಿ ಉಳಿದ ಉರಿದ ಅನಿಲವನ್ನು ತೊಳೆದು ಹೊರಹಾಕುತ್ತದೆ. ಇಂಧನವನ್ನು ಪೋರ್ಟಿನಲ್ಲೇ ಚಿಮುಕಿಸುವ ಎಂಜಿನ್ನಿನಲ್ಲಿ ಅದರ ಒಂದು ಪಾಲು ಉರಿಯದೆ ನೇರವಾಗಿ ಹೊರಹೋಗುವ ನಷ್ಟವೂ ಇದೆ. ಸಿಲಿಂಡರಿನೊಳಗೇ ಇಂಧನ ಚಿಮುಕಿಸುವ ಎಂಜಿನ್‌ಗಳಿಗೆ ಆ ನಷ್ಟವಿಲ್ಲವಾದ್ದರಿಂದ, ಹಲವು ಕಂಪನಿಗಳು ಕಡಿಮೆ ವೇಗದಲ್ಲಿ ಉದ್ದೇಶಪೂರ್ವಕವಾಗಿ ಓವರ್‌ಲ್ಯಾಪ್ ಹೆಚ್ಚಿಸಿ ಟರ್ಬೊ ಬೇಗ ತಿರುಗುವಂತೆ ಮಾಡುತ್ತವೆ.

ಆದ್ದರಿಂದ ಕ್ಯಾಟಲಾಗ್ ತೆರೆಯುವ ಮೊದಲು ಎಕ್ಸಾಸ್ಟ್ ಮ್ಯಾನಿಫೋಲ್ಡಿಗೆ ಸಣ್ಣ ರಂಧ್ರ ಕೊರೆದು, ಶಾಖ ತಗ್ಗಿಸಲು ಉದ್ದನೆಯ ಲೋಹದ ನಳಿಕೆ ಜೋಡಿಸಿ, ಪೂರ್ಣ ಬೂಸ್ಟಿನಲ್ಲಿ ಒತ್ತಡ ಅಳೆಯುವುದು ಒಳ್ಳೆಯದು. ಅದು ಬೂಸ್ಟಿನ ಎರಡು ಪಟ್ಟು ಇದ್ದರೆ ಕ್ಯಾಮ್‌ಗೆ ಇಟ್ಟ ಹಣವನ್ನು ಟರ್ಬೈನಿಗೆ ಹಾಕುವುದೇ ಸರಿ ಎಂಬುದು ನನ್ನ ಅಭಿಪ್ರಾಯ. ದಿನನಿತ್ಯ ರಸ್ತೆಯಲ್ಲಿ ಓಡಿಸುವ ಕಾರಿಗೆ ಇನ್ನೊಂದು ಮಿತಿಯೂ ಇದೆ: ಓವರ್‌ಲ್ಯಾಪ್ ಹೆಚ್ಚಿದಷ್ಟೂ ಐಡ್ಲಿಂಗ್ ಒರಟಾಗುತ್ತದೆ, ಬ್ರೇಕ್ ಒತ್ತಲು ನೆರವಾಗುವ ಬ್ರೇಕ್ ಬೂಸ್ಟರಿಗೆ ಬೇಕಾದ ನಿರ್ವಾತ ಕುಗ್ಗುತ್ತದೆ.

4ಜಿ63ರಂತೆ ಎರಡು ಕ್ಯಾಮ್ ಇರುವ ಎಂಜಿನ್ನಿನಲ್ಲಿ ಹೊಂದಿಸಬಲ್ಲ ಕ್ಯಾಮ್ ಗೇರ್ ಹಾಕಿ ಓವರ್‌ಲ್ಯಾಪನ್ನು ಆಮೇಲೆಯೂ ತಿದ್ದಬಹುದು. ಒಂದೇ ಕ್ಯಾಮ್ ಇರುವಲ್ಲಿ ಲೋಬ್ ಕೋನ ಕಡೆಯುವಾಗಲೇ ನಿಶ್ಚಿತವಾಗಿರುತ್ತದೆ. ಗೇರ್ ತಿರುಗಿಸುವವರು ನೆನಪಿಡಬೇಕಾದದ್ದು, ಓವರ್‌ಲ್ಯಾಪ್ ನಡೆಯುವುದು ಪಿಸ್ಟನ್ ಮೇಲ್ತುದಿಯಲ್ಲಿರುವಾಗಲೇ. ಇನ್‌ಟೇಕ್ ಕ್ಯಾಮ್ ಮುಂದಕ್ಕೆ ಸರಿಸಿ ಬೇಗ ತೆರೆಸಿದರೆ ಅಥವಾ ಎಕ್ಸಾಸ್ಟ್ ಕ್ಯಾಮ್ ಹಿಂದೆ ಸರಿಸಿ ತಡವಾಗಿ ಮುಚ್ಚಿಸಿದರೆ ವಾಲ್ವ್ ಮತ್ತು ಪಿಸ್ಟನ್ ನಡುವಿನ ಅಂತರ ಕಿರಿದಾಗುತ್ತದೆ. ಎಂಜಿನ್ ಚಾಲೂ ಮಾಡುವ ಮೊದಲು ಕೈಯಿಂದ ಎರಡು ಪೂರ್ಣ ಸುತ್ತು ತಿರುಗಿಸಿ ಆ ಅಂತರವನ್ನು ಅಳೆದು ನೋಡಬೇಕು.