ಬಿತ್ತನೆ ಭತ್ತಕ್ಕೆ ಕೈಹಾಕುವ ಮೊದಲು

ಮೈಯ ಗರಿ ಅರ್ಧ ಉದುರಿ, ಉಳಿದರ್ಧ ಕುಚ್ಚುಕುಚ್ಚಾಗಿ ಜೋತುಬಿದ್ದ ಪೆಂಗ್ವಿನ್ ಒಂದರ ಚಿತ್ರವನ್ನು ಮೈಸೂರಿನ ವಿದ್ಯಾರ್ಥಿನಿಯೊಬ್ಬಳು ನನಗೆ ಕಳುಹಿಸಿ, ‘ಡಾಕ್ಟರೇ, ಇದಕ್ಕೆ ಏನು ಕಾಯಿಲೆ?’ ಎಂದು ಕೇಳಿದ್ದಳು. ಅದೇ ಸುಮಾರಿಗೆ ಮದ್ದೂರು ಕಡೆಯ ರೈತರೊಬ್ಬರು ಬಂದು, ತಮ್ಮ ಗಿರಿರಾಜ ಕೋಳಿಗಳು ಗರಿ ಉದುರಿಸಿಕೊಂಡು ಮೊಟ್ಟೆ ನಿಲ್ಲಿಸಿಬಿಟ್ಟಿವೆ, ಏನಾದರೂ ಔಷಧಿ ಬರೆದುಕೊಡಿ ಎಂದರು. ಎರಡೂ ಕಡೆ ಕಾಯಿಲೆ ಇರಲಿಲ್ಲ. ಎರಡೂ ಹಕ್ಕಿಗಳು ಬದುಕಿನ ಅತಿ ಕಷ್ಟದ ಘಟ್ಟವೊಂದನ್ನು ದಾಟುತ್ತಿದ್ದವು. ಆ ಹೊತ್ತಿನಲ್ಲಿ ಅವುಗಳ ದೇಹದೊಳಗೆ ಏನು ನಡೆಯುತ್ತದೆ ಎಂಬುದು ತಿಳಿದಿದ್ದರೆ, ನಾವು ಏನು ಮಾಡಬಾರದು ಎಂಬುದು ತಾನಾಗಿ ತಿಳಿಯುತ್ತದೆ.

ಕೋಳಿ ಗರಿ ಬದಲಿಸುವುದು ಹಂತಹಂತವಾಗಿ, ತಲೆಯಿಂದ ಬಾಲದ ಕಡೆಗೆ. ಪೆಂಗ್ವಿನ್‌ಗೆ ಆ ಅನುಕೂಲವಿಲ್ಲ. ತಣ್ಣನೆಯ ಕಡಲಿನಲ್ಲಿ ಈಜುವ ಹಕ್ಕಿಯ ಗರಿಹೊದಿಕೆಯಲ್ಲಿ ಅಲ್ಲಲ್ಲಿ ಕಿಂಡಿ ಬಿದ್ದರೆ ನೀರು ಒಳಗೆ ನುಗ್ಗಿ ಮೈಬಿಸಿ ಹೋಗುತ್ತದೆ. ಆದ್ದರಿಂದ ಅದು ಇಡೀ ಮೈಯ ಗರಿಯನ್ನು ಒಂದೇ ಸಲಕ್ಕೆ, ಎರಡರಿಂದ ನಾಲ್ಕು ವಾರಗಳೊಳಗೆ ಬದಲಿಸುತ್ತದೆ. ಹೊಸ ಗರಿ ಕೆಳಗಿನಿಂದ ಬೆಳೆದು ಹಳೆಯದನ್ನು ಹೊರತಳ್ಳುತ್ತದೆ. ಅಲ್ಲಿಯವರೆಗೆ ನೀರಿಗೆ ಇಳಿಯುವಂತಿಲ್ಲ, ಇಳಿಯದಿದ್ದರೆ ಊಟವಿಲ್ಲ. ಗರಿ ಎಂದರೆ ಕೆರಾಟಿನ್, ಅಂದರೆ ಶುದ್ಧ ಪ್ರೋಟೀನ್. ಹೊಟ್ಟೆಗೆ ಏನೂ ಬೀಳದ ದಿನಗಳಲ್ಲಿ ಸಾವಿರಾರು ಹೊಸ ಗರಿಗಳಿಗೆ ಬೇಕಾದ ಪ್ರೋಟೀನನ್ನು ಅದು ತನ್ನ ಎದೆಯ ಸ್ನಾಯುವಿನಿಂದಲೇ ತೆಗೆಯಬೇಕು. ಇದಕ್ಕಾಗಿ ಮೊದಲೇ ಕಡಲಿಗೆ ಹೋಗಿ ಹೊಟ್ಟೆತುಂಬ ತಿಂದು, ಮೈ ತುಂಬಿಕೊಂಡು ದಡಕ್ಕೆ ಬಂದಿರುತ್ತದೆ. ಗರಿ ಬಲಿಯುವ ಹೊತ್ತಿಗೆ ದೇಹತೂಕದ ದೊಡ್ಡ ಪಾಲು ಕರಗಿ, ಕೆಲವು ಜಾತಿಗಳಲ್ಲಿ ಸುಮಾರು ಅರ್ಧಕ್ಕೇ ಇಳಿದಿರುತ್ತದೆ.

ಚಕ್ರವರ್ತಿ ಪೆಂಗ್ವಿನ್ ಗಂಡಿನ ಉಪವಾಸ ಇದಕ್ಕಿಂತಲೂ ದೊಡ್ಡದು. ಅಂಟಾರ್ಕ್ಟಿಕಾದ ಚಳಿಗಾಲದಲ್ಲಿ ಹೆಣ್ಣು ಒಂದೇ ಒಂದು ಮೊಟ್ಟೆಯಿಟ್ಟು ಗಂಡಿಗೆ ಒಪ್ಪಿಸಿ ಕಡಲಿಗೆ ಹೋಗುತ್ತದೆ. ಗಂಡು ಅದನ್ನು ಪಾದದ ಮೇಲಿಟ್ಟುಕೊಂಡು ಎರಡು ತಿಂಗಳಿಗೂ ಹೆಚ್ಚು ಕಾಲ ಕಾವು ಕೊಡುತ್ತದೆ. ಅದಕ್ಕೂ ಮೊದಲಿನ ಜೋಡಿಯಾಗುವ ದಿನಗಳನ್ನು ಸೇರಿಸಿದರೆ ಸುಮಾರು ನಾಲ್ಕು ತಿಂಗಳು ಅನ್ನವಿಲ್ಲ. ಹೆಣ್ಣು ಬರುವುದು ತಡವಾದರೆ, ಆ ಬತ್ತಿದ ಮೈಯಿಂದಲೇ ಅನ್ನನಾಳದಲ್ಲಿ ಹಾಲಿನಂಥ ಸ್ರಾವವೊಂದನ್ನು ಒಸರಿಸಿ ಮರಿಯ ಬಾಯಿಗೆ ಕೊಡುತ್ತದೆ. ಹಕ್ಕಿಗಳ ವೈದ್ಯನಾಗಿ ಎಷ್ಟೇ ವರ್ಷ ಕಳೆದರೂ ಈ ಸಂಗತಿ ನನ್ನನ್ನು ಇಂದಿಗೂ ಬೆರಗುಗೊಳಿಸುತ್ತದೆ.

ಈ ದೀರ್ಘ ಉಪವಾಸವನ್ನು ಫ್ರಾನ್ಸಿನ ವಿಜ್ಞಾನಿಗಳಾದ ಇವೊನ್ ಲೆ ಮಾಹೊ, ರೆನೆ ಗ್ರೊಸ್ಕೊಲಾ ಮತ್ತು ಅವರ ಸಂಗಡಿಗರು ದಶಕಗಳ ಕಾಲ ಅಭ್ಯಾಸ ಮಾಡಿದ್ದಾರೆ. ಅವರು ಅದನ್ನು ಮೂರು ಹಂತಗಳಾಗಿ ಗುರುತಿಸಿದರು. ಮೊದಲನೆಯದು ಚಿಕ್ಕದು, ದೇಹ ಹೊಂದಿಕೊಳ್ಳುವ ಕಾಲ. ಎರಡನೆಯದು ಬಹಳ ಉದ್ದ. ಆಗ ಹಕ್ಕಿ ಹೆಚ್ಚೂಕಡಿಮೆ ಕೊಬ್ಬನ್ನೇ ಉರಿಸಿ, ಪ್ರೋಟೀನನ್ನು ಜೋಪಾನ ಮಾಡುತ್ತದೆ. ಮೂರನೆಯದರಲ್ಲಿ ಪ್ರೋಟೀನ್ ಕರಗುವುದು ಒಮ್ಮೆಗೇ ಹೆಚ್ಚುತ್ತದೆ. ಮಂಡ್ಯದ ರೈತರಿಗೆ ನಾನು ಇದನ್ನು ಹೇಳುವುದು ಹೀಗೆ: ಮನೆಯ ಕಣಜದಲ್ಲಿ ಉಣ್ಣುವ ಭತ್ತ ಮುಗಿಯುತ್ತ ಬಂದು, ಬಿತ್ತನೆಗೆಂದು ಎತ್ತಿಟ್ಟ ಮೂಟೆಗೆ ಕೈಹಾಕುವ ದಿನ ಬಂದರೆ, ಯಜಮಾನ ಮನೆಯಲ್ಲಿ ಸುಮ್ಮನೆ ಕೂರುವುದಿಲ್ಲ, ಹೊರಗೆ ಹೊರಡುತ್ತಾನೆ. ಪೆಂಗ್ವಿನ್ ಮಾಡುವುದೂ ಅದನ್ನೇ.

ಹೊರಡಿಸುವುದು ಯಾವುದು? ಕಾರ್ಟಿಕೋಸ್ಟೆರಾನ್. ಮೂತ್ರಪಿಂಡದ ನೆತ್ತಿಯಲ್ಲಿರುವ ಅಡ್ರಿನಲ್ ಗ್ರಂಥಿಯಿಂದ ಒಸರುವ, ಹಕ್ಕಿಗಳ ಮುಖ್ಯ ಒತ್ತಡದ ಹಾರ್ಮೋನು. ಉಪವಾಸವೆಂದರೆ ಒತ್ತಡ, ಒತ್ತಡವೆಂದರೆ ಈ ಹಾರ್ಮೋನು ಮೊದಲ ದಿನದಿಂದಲೇ ಏರಬೇಕು ಎಂದು ಯಾರಿಗಾದರೂ ಅನಿಸುತ್ತದೆ. ಹಾಗಾಗುವುದಿಲ್ಲ. ಎರಡನೇ ಹಂತದುದ್ದಕ್ಕೂ ಅದು ತಗ್ಗಿನಲ್ಲೇ ಇರುತ್ತದೆ. ಮೂರನೇ ಹಂತಕ್ಕೆ ಕಾಲಿಟ್ಟಾಗ ಏರುತ್ತದೆ. ಏರಿದಾಗ ಹಕ್ಕಿಗೆ ಚಡಪಡಿಕೆ ಶುರುವಾಗುತ್ತದೆ, ನಡೆದಾಟ ಹೆಚ್ಚುತ್ತದೆ. ಜೊತೆಗಾರ ಬಾರದಿದ್ದರೆ ಕೊನೆಗೆ ಮೊಟ್ಟೆಯನ್ನೇ ಬಿಟ್ಟು ಕಡಲಿನ ದಾರಿ ಹಿಡಿಯುತ್ತದೆ. ಆಗಲೂ ಕೊಬ್ಬು ಪೂರ್ತಿ ಬರಿದಾಗಿರುವುದಿಲ್ಲ, ದಾರಿಖರ್ಚಿಗೆಂದು ಒಂದಿಷ್ಟು ಉಳಿದಿರುತ್ತದೆ. ಈ ಹಾರ್ಮೋನನ್ನು ಶತ್ರುವೆಂದು ಬಣ್ಣಿಸುವ ಬರಹಗಳನ್ನು ಓದಿದಾಗ ನನಗೆ ಬೇಸರವಾಗುತ್ತದೆ. ತಕ್ಕ ಹೊತ್ತಿಗೆ ಬಂದರೆ ಅದು ಜೀವ ಉಳಿಸುತ್ತದೆ. ಇವತ್ತು ಮೊಟ್ಟೆ ಹೋದರೂ ತಾನು ಬದುಕಿದರೆ ಮುಂದಿನ ವರ್ಷ ಇನ್ನೊಂದು ಮರಿ ಉಂಟು.

ಹೊತ್ತಲ್ಲದ ಹೊತ್ತಿನಲ್ಲಿ ಬಂದರೆ ಮಾತ್ರ ಕೆಡುಕು. ಗರಿ ಬೆಳೆಯುವಾಗ ಹಲವು ಹಕ್ಕಿಗಳು ಕಾರ್ಟಿಕೋಸ್ಟೆರಾನನ್ನು ಬೇಕೆಂದೇ ತಗ್ಗಿಸಿಕೊಂಡಿರುತ್ತವೆ, ಏಕೆಂದರೆ ಅದು ಪ್ರೋಟೀನನ್ನು ಒಡೆಯುತ್ತದೆ. ಗರಿ ಕಟ್ಟಲು ಬೇಕಾದದ್ದೂ ಅದೇ ಪ್ರೋಟೀನ್. ಆ ರೈತರ ಕೋಳಿಯೊಂದರ ರೆಕ್ಕೆಯ ಗರಿಯನ್ನು ಕಿಟಕಿಯ ಬೆಳಕಿಗೆ ಹಿಡಿದು ಅವರಿಗೆ ತೋರಿಸಿದೆ. ಗರಿಯ ಹಾಳೆಗೆ ಅಡ್ಡಲಾಗಿ, ಕೂದಲೆಳೆಯಷ್ಟು ತೆಳುವಾದ ಬಿಳಚು ಗೆರೆ. ಅಲ್ಲಿ ಎಳೆಗಳು ಒಂದಕ್ಕೊಂದು ಹೆಣೆದುಕೊಂಡಿಲ್ಲ, ಬೆರಳಿನಿಂದ ಸವರಿದರೆ ಅಲ್ಲೇ ಸೀಳುತ್ತದೆ. ಆ ಭಾಗ ಬೆಳೆಯುತ್ತಿದ್ದ ದಿನ ಕೋಳಿಗೆ ಏನೋ ತೊಂದರೆಯಾಗಿತ್ತು. ನಾಯಿ ನುಗ್ಗಿರಬಹುದು, ಮೇವು ತಪ್ಪಿರಬಹುದು. ಗರಿ ಉದುರುವವರೆಗೂ ಆ ಗೆರೆ ಮಾಯುವುದಿಲ್ಲ.

ರಕ್ತದಲ್ಲಿ ಕಾರ್ಟಿಕೋಸ್ಟೆರಾನನ್ನು ಅಳೆಯುವುದು ನಾಜೂಕಿನ ಕೆಲಸ. ಹಕ್ಕಿಯನ್ನು ಹಿಡಿದ ಮೂರು ನಿಮಿಷದೊಳಗೆ ರಕ್ತ ತೆಗೆಯಬೇಕು. ತಡವಾದರೆ ಹಿಡಿದ ಭಯವೇ ಅಳತೆಯಲ್ಲಿ ಸೇರಿಕೊಳ್ಳುತ್ತದೆ. ಈಗ ಹಿಕ್ಕೆಯಿಂದ, ಗರಿಯಿಂದಲೂ ಅಳೆಯುತ್ತಾರೆ.

ಕಣ್ಣಿನಿಂದ ಅಳೆಯುವುದಂತೂ ಆಗದ ಮಾತು. ಹೃದಯಬಡಿತವನ್ನು ದಾಖಲಿಸುವ ಕೃತಕ ಮೊಟ್ಟೆಗಳನ್ನು ಪೆಂಗ್ವಿನ್‌ಗಳ ಗೂಡಿನಲ್ಲಿಟ್ಟು ನೋಡಿದವರಿದ್ದಾರೆ. ಮನುಷ್ಯ ಹತ್ತಿರ ಬಂದಾಗ ಹೊರಗೆ ಒಂದಿಷ್ಟೂ ಕದಲದೆ ಕುಳಿತ ಹಕ್ಕಿಯ ಎದೆಬಡಿತ ಒಳಗೊಳಗೇ ಏರಿರುತ್ತದೆ. ಆ ಏರಿಕೆಗೂ ಕೊಬ್ಬು ಖರ್ಚಾಗುತ್ತದೆ, ಮತ್ತೆ ತುಂಬಿಕೊಳ್ಳಲು ಊಟವಿಲ್ಲ. ಇನ್ನೊಂದು ಉದಾಹರಣೆ ಅಧ್ಯಯನ ಮಾಡುವವರನ್ನೇ ನಾಚಿಸುವಂಥದ್ದು. ರಾಜ ಪೆಂಗ್ವಿನ್‌ಗಳ ರೆಕ್ಕೆಗೆ ಗುರುತಿನ ಲೋಹದ ಪಟ್ಟಿ ತೊಡಿಸಿ, ಹತ್ತು ವರ್ಷ ಗಮನಿಸಿ 2011ರಲ್ಲಿ ಪ್ರಕಟಿಸಿದ ವರದಿಯಂತೆ, ಪಟ್ಟಿ ತೊಟ್ಟ ಹಕ್ಕಿಗಳು ಪಡೆದ ಮರಿಗಳು ಶೇ 39ರಷ್ಟು ಕಡಿಮೆ, ಬದುಕುಳಿಯುವಿಕೆ ಶೇ 16ರಷ್ಟು ಕಡಿಮೆ. ಈಜುವಾಗ ನೀರಿನ ತಡೆ ಒಂದಿಷ್ಟು ಹೆಚ್ಚಿಸುವ ಪಟ್ಟಿ, ಅಷ್ಟೇ. ಮೊದಲೇ ಅಂಚಿನಲ್ಲಿ ನಡೆಯುವ ಬದುಕಿಗೆ ಅಷ್ಟು ಸಾಕಾಯಿತು.

ಪೆಂಗ್ವಿನ್ ನೋಡಲು ನಮ್ಮಲ್ಲಿ ಹೆಚ್ಚಿನವರು ಹೋಗುವುದಿಲ್ಲ. ಆದರೆ ರಂಗನತಿಟ್ಟಿಗೆ ಹೋಗುತ್ತೇವೆ. ಅಲ್ಲಿ ದೋಣಿ ಕಲ್ಲುಗುಡ್ಡೆಯ ಹತ್ತಿರ ಹಾದಾಗ ಬಣ್ಣದ ಕೊಕ್ಕರೆ ಎದ್ದು ಹಾರದಿದ್ದರೆ, ‘ಅದಕ್ಕೆ ಅಭ್ಯಾಸವಾಗಿದೆ ಬಿಡಿ, ಇನ್ನೂ ಹತ್ತಿರ ಬಿಡಿ’ ಎಂದು ದೋಣಿಯವರನ್ನು ಒತ್ತಾಯಿಸುವವರಿಗೆ ಮೇಲಿನ ಕೃತಕ ಮೊಟ್ಟೆಯ ವಿಚಾರ ತಿಳಿದಿರಲಿ. ಕೆಲವು ಹಕ್ಕಿಗಳು ನಿಜಕ್ಕೂ ಒಗ್ಗಿಕೊಳ್ಳುತ್ತವೆ. ಆದರೆ ಹಾರದಿರುವುದೊಂದೇ ಅದಕ್ಕೆ ಸಾಕ್ಷಿಯಲ್ಲ. ಏಪ್ರಿಲ್ ಬಿಸಿಲಿನಲ್ಲಿ ರೆಕ್ಕೆ ಅಗಲಿಸಿ ಮರಿಗೆ ನೆರಳು ಹಿಡಿದು ನಿಂತ ತಾಯಿ ಸ್ವಲ್ಪ ಹೊತ್ತು ಎದ್ದುಹೋದರೂ ಬರಿಮೈಯ ಮರಿಗೆ ಅಪಾಯ. ಗೂಡಿನ ಮೇಲೆ ಡ್ರೋನ್ ಹಾರಿಸುವವರನ್ನಂತೂ ನಾನು ಕ್ಷಮಿಸಲಾರೆ.

ಕೊಕ್ಕರೆ ಬೆಳ್ಳೂರಿನವರಿಗೆ ಇದನ್ನು ಯಾರೂ ಪಾಠ ಹೇಳಬೇಕಿಲ್ಲ. ಹಿತ್ತಲ ಹುಣಸೆಮರಕ್ಕೆ ಬರುವ ಹೆಜ್ಜಾರ್ಲೆಗಳನ್ನು ಅಲ್ಲಿನವರು ಹೆರಿಗೆಗೆ ತವರಿಗೆ ಬಂದ ಹೆಣ್ಣುಮಕ್ಕಳೆನ್ನುತ್ತಾರೆ. ಬಾಣಂತಿ ಇರುವ ಮನೆಯಲ್ಲಿ ಗದ್ದಲ ಮಾಡಬಾರದೆಂಬ ನಡವಳಿಕೆ ಹಾರ್ಮೋನಿನ ಹೆಸರು ಗೊತ್ತಿಲ್ಲದೆಯೇ ಬಂದದ್ದು. ಗೂಡಿನಿಂದ ಬಿದ್ದ ಮರಿ ನಿಮ್ಮ ಕಣ್ಣಿಗೆ ಬಿದ್ದರೆ ಸುತ್ತ ಜನ ಸೇರಿಸಬೇಡಿ, ಬಲವಂತವಾಗಿ ನೀರು ಕುಡಿಸಬೇಡಿ. ಗಾಳಿಯಾಡುವ ರಟ್ಟಿನ ಪೆಟ್ಟಿಗೆಯಲ್ಲಿ ಕತ್ತಲಲ್ಲಿಟ್ಟು ಅರಣ್ಯ ಇಲಾಖೆಗೆ ತಿಳಿಸಿ.

ಇನ್ನು ಕೋಳಿ ಸಾಕಿದವರಿಗೆ. ಗರಿ ಉದುರಿಸುತ್ತಿರುವ ಕೋಳಿಯನ್ನು ಎತ್ತಿಕೊಂಡು ಎದೆಮೂಳೆಯನ್ನು ಮುಟ್ಟಿ ನೋಡಿ. ಎರಡೂ ಪಕ್ಕ ಮಾಂಸ ತುಂಬಿದ್ದು, ಕೋಳಿ ಚುರುಕಾಗಿ ಮೇಯುತ್ತಿದ್ದರೆ ಹೆದರಬೇಕಿಲ್ಲ. ಮೂಳೆ ಚೂಪಾಗಿ ಕೈಗೆ ತಾಗಿದರೆ ಹುಳು, ಹೇನು ಇದೆಯೇ ಎಂದು ಪರೀಕ್ಷೆ ಮಾಡಿಸಿ. ಮೊಟ್ಟೆ ಇಡುತ್ತಿಲ್ಲವೆಂದು ಮೇವು ಕಡಿಮೆ ಮಾಡಬೇಡಿ. ಗರಿಗೆ ಗಂಧಕವಿರುವ ಅಮೈನೋ ಆಮ್ಲಗಳು ಬೇಕು, ಹಾಗಾಗಿ ಮೆಥಿಯೋನಿನ್ ಸಾಕಷ್ಟಿರುವ ಮೇವು ಕೊಡಿ. ಹೊಸ ಕೋಳಿಗಳನ್ನು ಗುಂಪಿಗೆ ಬಿಡುವುದು, ಶೆಡ್ ಬದಲಿಸುವುದು, ಸಂತೆಗೆ ಸಾಗಿಸುವುದು ಇವನ್ನೆಲ್ಲ ಗರಿ ಬಲಿಯುವವರೆಗೆ ಮುಂದಕ್ಕೆ ಹಾಕಿ. ಮದ್ದೂರಿನ ಆ ರೈತರಿಗೆ ನಾನು ಬರೆದುಕೊಟ್ಟದ್ದು ಇಷ್ಟೇ.